ಮಗುವಿನ ಶ್ವಾಸನಾಳ: ಪಿಜಿಯ ಕೈ ಪಳಗಿದೆ ಎಂದು ಹೇಳುವುದು ಹೇಗೆ?

ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಪಿಜಿಗಳ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳ, ಎಂ.ಎಸ್. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಏನೇನಿರುತ್ತದೆ? ಒಂದು ಲಾಂಗ್ ಕೇಸ್, ಒಂದಷ್ಟು ಶಾರ್ಟ್ ಕೇಸ್, ಎಕ್ಸ್‌ರೇ, ಸಿಟಿ ಸ್ಕ್ಯಾನ್, ಮೂಳೆಗಳು, ಮೇಜಿನ ಮೇಲೆ ಸಾಲಾಗಿ ಇಟ್ಟ ಉಪಕರಣಗಳು, ಕೊನೆಗೆ ವೈವಾ. ಪರೀಕ್ಷಕರು ಬ್ರಾಂಕೋಸ್ಕೋಪನ್ನು (ಶ್ವಾಸನಾಳದೊಳಗೆ ಇಳಿಸಿ ನೋಡುವ ಕೊಳವೆ) ಕೈಗೆ ಕೊಟ್ಟು ‘ಇದೇನು, ಯಾವಾಗ ಬಳಸುತ್ತೀರಿ?’ ಎಂದು ಕೇಳುತ್ತಾರೆ. ವಿದ್ಯಾರ್ಥಿ ಪಟಪಟನೆ ಹೇಳುತ್ತಾನೆ. ಅದೇ ಬ್ರಾಂಕೋಸ್ಕೋಪನ್ನು ಒಂದೂವರೆ ವರ್ಷದ ಮಗುವಿನ ಗಂಟಲಿಗೆ ಆತ ಇಳಿಸುವುದನ್ನು ಮಾತ್ರ ಆ ಪರೀಕ್ಷಕರು ನೋಡಿರುವುದಿಲ್ಲ. ಆರ್‌ಟಿಓದಲ್ಲಿ ಲೈಸೆನ್ಸ್ ಕೊಡುವ ಮೊದಲು ಒಂದು ಎಂಟಾದರೂ ಹಾಕಿಸುತ್ತಾರೆ. ಇಲ್ಲಿ ಅಷ್ಟೂ ಇಲ್ಲ. ಮೂರು ವರ್ಷ ಮುಗಿದು, ಆತ ಯಾವುದೋ ಜಿಲ್ಲಾ ಆಸ್ಪತ್ರೆಗೆ ಸೇರಿದ ಮೊದಲ ವಾರವೇ ಕಡಲೆಬೀಜ ಶ್ವಾಸನಾಳಕ್ಕೆ ಹೋದ ಮಗು ಬರಬಹುದು.

ಹಾಗಾದರೆ ಆತನಿಗೆ ಈ ಕೆಲಸ ಬರುತ್ತದೆ ಎಂದು ತೀರ್ಮಾನಿಸುವವರು ಯಾರು? ನಾವೇ, ಯೂನಿಟ್‌ನ ಸೀನಿಯರ್‌ಗಳು. ಏನನ್ನು ನೋಡಿ? ಹೆಚ್ಚಿನ ಕಡೆ ಲಾಗ್‌ಬುಕ್ ನೋಡಿ.

ಲಾಗ್‌ಬುಕ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಇರುವುದು ದಿನಾಂಕ, ಐಪಿ ನಂಬರ್, ಆಪರೇಷನ್ನಿನ ಹೆಸರು, ಪಕ್ಕದಲ್ಲಿ ‘ಅಸಿಸ್ಟೆಡ್’ ಅಥವಾ ‘ಪರ್‌ಫಾರ್ಮ್ಡ್’ ಎಂಬ ಒಂದು ಪದ. ಅಸಿಸ್ಟೆಡ್ ಎಂದರೆ ಸಕ್ಷನ್ ಹಿಡಿದು ನಿಂತದ್ದೂ ಆಗಬಹುದು, ಎರಡನೇ ಸಾಲಿನಿಂದ ಇಣುಕಿ ನೋಡಿದ್ದೂ ಆಗಬಹುದು. ಪರ್‌ಫಾರ್ಮ್ಡ್ ಎಂದು ಬರೆದ ಕೇಸಿನಲ್ಲಿ ಬೀಜ ಹಿಡಿಯುವ ಹೊತ್ತಿಗೆ ಸೀನಿಯರ್ ‘ಕೊಡು ಇಲ್ಲಿ’ ಎಂದು ಕೈಯಿಂದ ತೆಗೆದುಕೊಂಡಿರಬಹುದು. ಮೂರೂ ಒಂದೇ ಥರ ಎಣಿಕೆಗೆ ಬರುತ್ತವೆ. ಅದೂ ಅಲ್ಲದೆ, ಟಾನ್ಸಿಲ್ ಆಪರೇಷನ್ ಸಿಕ್ಕಷ್ಟು ಶ್ವಾಸನಾಳದ ಈ ಕೇಸುಗಳು ಸಿಗುವುದಿಲ್ಲ. ಬಂದರೂ ರಾತ್ರಿ ಎಮರ್ಜೆನ್ಸಿಯಲ್ಲಿ ಬರುತ್ತವೆ. ಆ ದಿನ ಯಾರು ಡ್ಯೂಟಿಯಲ್ಲಿರುತ್ತಾರೋ ಅವರ ಪಾಲು.

ಮಕ್ಕಳ ಶ್ವಾಸನಾಳಕ್ಕೆ ಬೇರೆಯದೇ ಪರೀಕ್ಷೆ ಯಾಕೆ ಬೇಕು? ಒಂದು ಲೆಕ್ಕ ನೋಡಿ. 4 ಮಿ.ಮೀ. ಅಗಲದ ಕೊಳವೆಯಲ್ಲಿ ಸುತ್ತಲೂ 1 ಮಿ.ಮೀ. ಊತ ಬಂದರೆ ಉಳಿಯುವುದು 2 ಮಿ.ಮೀ. ಗಾಳಿ ಹರಿಯಲು ಇರುವ ಅಡ್ಡಿ 16 ಪಟ್ಟು ಏರುತ್ತದೆ. ದೊಡ್ಡವರ 8 ಮಿ.ಮೀ. ಕೊಳವೆಯಲ್ಲಿ ಅಷ್ಟೇ ಊತ ಬಂದರೆ ಅಡ್ಡಿ ಏರುವುದು ಸುಮಾರು 3 ಪಟ್ಟು. ನಾವು ಒರಟಾಗಿ ಒಂದು ಸಲ ಉಜ್ಜಿದರೂ ಆ ಊತ ಬರಬಹುದು. ಜೊತೆಗೆ, ತೂಕಕ್ಕೆ ಹೋಲಿಸಿದರೆ ಶಿಶುವಿನ ದೇಹ ದೊಡ್ಡವರ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತದೆ. ಶ್ವಾಸಕೋಶದಲ್ಲಿ ದಾಸ್ತಾನು ಕಡಿಮೆ. ಹಾಗಾಗಿ ಉಸಿರು ನಿಂತರೆ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯಲು ಶುರುವಾದ ಮೇಲೆ ಸರ್ರನೆ ಇಳಿಯುತ್ತದೆ. ಕಲಿಯುವವರು ತಡವರಿಸಲು ಇಲ್ಲಿ ಹೊತ್ತೇ ಇಲ್ಲ.

ಬರುವ ಮಕ್ಕಳು ಹೆಚ್ಚಾಗಿ 1ರಿಂದ 3 ವರ್ಷದವರು. ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ. ಕಡಲೆಬೀಜಕ್ಕೇ ಮೊದಲ ಸ್ಥಾನ. ಅಡಿಕೆ ಚೂರು, ಸೀತಾಫಲದ ಬೀಜ, ಹುಣಸೆಬೀಜ, ಆಟಿಕೆಯೊಳಗಿನ ಪೀಪಿ, ಪುಟಾಣಿ ಎಲ್‌ಇಡಿ ಬಲ್ಬ್ ಎಲ್ಲವೂ ಪಟ್ಟಿಯಲ್ಲಿವೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಎಂದರೆ ಊರಿಗೆಲ್ಲ ಖುಷಿ, ನನಗೆ ಮಾತ್ರ ಓಟಿ (ಆಪರೇಷನ್ ಥಿಯೇಟರ್) ನೆನಪಾಗುತ್ತದೆ. ವೃತ್ತಿದೋಷ ಅನ್ನಿ.

ಕೈಚಳಕವನ್ನು ಅಳೆಯಲು ದಾರಿಗಳು ಇಲ್ಲವೆಂದಲ್ಲ. ಟೊರಾಂಟೊದವರು 1990ರ ದಶಕದಲ್ಲಿ ಓಸ್ಯಾಟ್ಸ್ ಎಂಬ ಪದ್ಧತಿ ತಂದರು. ಅದರಲ್ಲಿ ಎರಡು ಭಾಗ. ಒಂದು ಚೆಕ್‌ಲಿಸ್ಟ್: ಈ ಹೆಜ್ಜೆ ಮಾಡಿದರಾ, ಇಲ್ಲವಾ. ಇನ್ನೊಂದು ಒಟ್ಟಾರೆ ಅಂಕ: ಅಂಗಾಂಶವನ್ನು ಎಷ್ಟು ನಾಜೂಕಾಗಿ ಮುಟ್ಟಿದರು, ಕೈ ಸುಮ್ನೆ ಅಲ್ಲಿ ಇಲ್ಲಿ ಓಡಾಡಿತಾ, ಉಪಕರಣ ಹಿಡಿದ ರೀತಿ ಹೇಗಿತ್ತು, ಸಹಾಯಕರನ್ನು ಬಳಸಿಕೊಂಡರಾ, ಹೀಗೆ ಒಂದೊಂದಕ್ಕೂ 1ರಿಂದ 5. ಚೆಕ್‌ಲಿಸ್ಟ್ ಕಲಿಸಲು ಬಹಳ ಚೆನ್ನ. ಆದರೆ ಎಲ್ಲ ಹೆಜ್ಜೆಗೂ ಟಿಕ್ ಬಿದ್ದೂ ಮಗುವಿನ ಗಂಟಲು ಊದಿಕೊಂಡಿರಬಹುದು, ಅಲ್ವಾ?

ನನಗೆ ಹಿಡಿಸಿದ್ದು ಕೆನಡಾದ ಒಟ್ಟಾವಾದವರು 2012ರಲ್ಲಿ ಪ್ರಕಟಿಸಿದ ಓ-ಸ್ಕೋರ್. ಅದು ಪಿಜಿ ಎಷ್ಟು ಜಾಣ ಎಂದು ಕೇಳುವುದಿಲ್ಲ. ನೀವು ಎಷ್ಟು ಕೈ ಹಾಕಬೇಕಾಯಿತು ಎಂದು ಕೇಳುತ್ತದೆ. 1 ಎಂದರೆ ನಾನೇ ಮಾಡಬೇಕಾಯಿತು. 2, ಪ್ರತಿ ಹೆಜ್ಜೆ ಹೇಳಿಕೊಟ್ಟು ಮಾಡಿಸಿದೆ. 3, ಆಗಾಗ ಎಚ್ಚರಿಸಿದೆ. 4, ಏನೂ ಹೇಳಲಿಲ್ಲ, ಆದರೂ ನಾನು ಅಲ್ಲಿರುವುದು ಒಳ್ಳೆಯದಿತ್ತು. 5, ನಾನು ಇರಬೇಕಾದ ಅಗತ್ಯವೇ ಇರಲಿಲ್ಲ. ‘ಉತ್ತಮ’, ‘ತೃಪ್ತಿಕರ’ ಎಂದೆಲ್ಲ ಬರೆಯುವಾಗ ನಮ್ಮ ಕೈ ಧಾರಾಳವಾಗುತ್ತದೆ. ‘ನಾನೇ ಮಾಡಬೇಕಾಯಿತು’ ಎಂಬುದು ಮಾತ್ರ ನಡೆದ ಸಂಗತಿ. ಅದರಲ್ಲಿ ಧಾರಾಳತನಕ್ಕೆ ಜಾಗ ಕಡಿಮೆ.

ಈಗ ಓಟಿಯೊಳಗೆ ಬನ್ನಿ. ಅಂಕ ಕೊಡುವುದು ಮಗು ಟೇಬಲ್ ಮೇಲೆ ಬರುವ ಮೊದಲೇ ಶುರುವಾಗುತ್ತದೆ. ಟ್ರಾಲಿಯ ಮೇಲೆ ಬ್ರಾಂಕೋಸ್ಕೋಪ್ ಜೋಡಿಸಬೇಕು. ಮಗುವಿನ ವಯಸ್ಸಿಗೆ ತಕ್ಕದ್ದೊಂದು, ಅದಕ್ಕಿಂತ ಒಂದು ಸೈಜ್ ಚಿಕ್ಕದೊಂದು. ಒಳಗೆ ನೋಡುವ ಟೆಲಿಸ್ಕೋಪ್, ಲೈಟ್ ಕೇಬಲ್, ಸಕ್ಷನ್, ಅರಿವಳಿಕೆ ಸರ್ಕ್ಯೂಟ್ ಸೇರುವ ಪಕ್ಕದ ಕೊಂಡಿ ಎಲ್ಲ ಕೂತಿವೆಯಾ? ಫೋರ್ಸೆಪ್ಸ್‌ನ (ಚಿಮುಟದ) ಬಾಯಿ ಕೊಳವೆಯ ತುದಿ ದಾಟಿ ಪೂರ್ತಿ ತೆರೆಯುತ್ತದಾ? ತಯಾರಿ ಇರುವ ಪಿಜಿ ಇದನ್ನೆಲ್ಲ ತಾನೇ ಮಾಡುತ್ತಾಳೆ, ಸಿಸ್ಟರ್‌ಗೆ ಬಿಟ್ಟು ಕೈ ತೊಳೆಯಲು ಹೋಗುವುದಿಲ್ಲ. ಆಮೇಲೆ ಅಪ್ಪ-ಅಮ್ಮನಿಂದ ಅದೇ ಥರದ ಒಂದು ಬೀಜ ತರಿಸಿ, ಯಾವ ಫೋರ್ಸೆಪ್ಸ್ ಅದನ್ನು ಪುಡಿ ಮಾಡದೆ ಹಿಡಿಯುತ್ತದೆ ಎಂದು ಹೊರಗೇ ನೋಡುತ್ತಾಳೆ. ಇದು ಹಳೆಯ ಪಾಠ. ಫಿಲಡೆಲ್ಫಿಯಾದ ಗಂಟಲು ವೈದ್ಯ ಷೆವಲಿಯರ್ ಜಾಕ್ಸನ್ ಮಕ್ಕಳ, ದೊಡ್ಡವರ ಗಂಟಲಿನಿಂದ ತೆಗೆದ 2,000ಕ್ಕೂ ಹೆಚ್ಚು ವಸ್ತುಗಳು ಅಲ್ಲಿನ ಮ್ಯೂಟರ್ ಮ್ಯೂಸಿಯಂನ ಡ್ರಾಯರುಗಳಲ್ಲಿವೆ. ಒಳಗಿರುವ ವಸ್ತುವಿನಂಥದ್ದೇ ಇನ್ನೊಂದನ್ನು ಹಿಡಿದು ಮೊದಲು ಅಭ್ಯಾಸ ಮಾಡಬೇಕೆನ್ನುವುದು ಅವರ ಪದ್ಧತಿಯಾಗಿತ್ತು.

ಮುಂದಿನದು ಅರಿವಳಿಕೆಯವರ ಜೊತೆ ಮಾತು. ಮಗುವಿನ ಒಂದೇ ಕೊಳವೆ ಇಬ್ಬರಿಗೂ ಬೇಕು. ಅವರಿಗೆ ಉಸಿರಾಡಿಸಲು, ನಮಗೆ ಬೀಜ ತೆಗೆಯಲು. ಮಗು ತಾನೇ ಉಸಿರಾಡುತ್ತಿರಬೇಕಾ, ನಾವು ಉಸಿರಾಡಿಸಬೇಕಾ? ಸ್ಯಾಚುರೇಶನ್ ಎಷ್ಟಕ್ಕೆ ಇಳಿದರೆ ನಾನು ಕೈ ನಿಲ್ಲಿಸಬೇಕು? ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಿದಳಾ ಎಂದು ನಾನು ನೋಡುತ್ತೇನೆ. ‘ಶುರು ಮಾಡ್ಲಾ ಮೇಡಂ?’ ಎಂದು ನನ್ನನ್ನು ಕೇಳಿದರೆ ಅಂಕ ಇಲ್ಲ. ಅದನ್ನು ಅರಿವಳಿಕೆಯವರನ್ನು ಕೇಳಬೇಕು.

ಬ್ರಾಂಕೋಸ್ಕೋಪಿನ ಕೊಳವೆ ಧ್ವನಿತಂತುಗಳ ಹತ್ತಿರ ಬಂದಾಗ ತುದಿಯನ್ನು ಕಾಲು ಸುತ್ತು ತಿರುಗಿಸಬೇಕು. ಆಗ ಅದರ ಚೂಪು ಬಾಯಿ ಎರಡು ತಂತುಗಳ ನಡುವೆ ತಡೆಯಿಲ್ಲದೆ ಜಾರುತ್ತದೆ. ಇಲ್ಲಿ ಒತ್ತುವವರು ಇದ್ದಾರೆ. ಒತ್ತುವುದು ಕಂಡರೆ ನಾನು ನಿಲ್ಲಿಸುತ್ತೇನೆ. ಒಳಗೆ ಹೋದ ಮೇಲೆ ಶ್ವಾಸನಾಳ ಎರಡಾಗಿ ಒಡೆಯುವಲ್ಲಿ ಬಲ ಕವಲಿಗೆ ಇಳಿಯಲು ಮಗುವಿನ ತಲೆ ಎಡಕ್ಕೆ, ಎಡಕ್ಕೆ ಇಳಿಯಲು ತಲೆ ಬಲಕ್ಕೆ. ಬೀಜ ಇಲ್ಲದ ಕಡೆಯನ್ನು ಮೊದಲು ನೋಡಿ, ಅಲ್ಲಿನ ಕಫ ಎಳೆದು ಸ್ವಚ್ಛ ಮಾಡಿಕೊಳ್ಳುವವರಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಮುಂದಿನ ಕೆಲವು ನಿಮಿಷ ಮಗು ಬದುಕುವುದು ಆ ಕಡೆಯ ಶ್ವಾಸಕೋಶದಿಂದ.

ಮಾನಿಟರ್‌ನ ಬೀಪ್ ಗಮನಿಸಿದ್ದೀರಾ? ಸ್ಯಾಚುರೇಶನ್ ಇಳಿದಂತೆ ಅದರ ಸ್ವರವೂ ತಗ್ಗುತ್ತದೆ. ಬೀಜ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಕಲಿಯುವವರ ಕಿವಿ ಮುಚ್ಚಿಹೋಗುತ್ತದೆ. ಟೆಲಿಸ್ಕೋಪಿನ ಆ ದುಂಡು ಬೆಳಕೇ ಅವರ ಪ್ರಪಂಚ. ‘ಒಂದೇ ನಿಮಿಷ ಮೇಡಂ, ಸಿಕ್ತು’ ಅನ್ನುತ್ತಾರೆ. ಸ್ವರ ತಗ್ಗಿದ್ದನ್ನು ತಾನೇ ಕೇಳಿಸಿಕೊಂಡು, ಯಾರೂ ಹೇಳುವ ಮೊದಲೇ ಫೋರ್ಸೆಪ್ಸ್ ಹೊರತೆಗೆದು, ಕೊಳವೆಯನ್ನು ಶ್ವಾಸನಾಳದ ಮೇಲ್ಭಾಗಕ್ಕೆ ತಂದು ‘ವೆಂಟಿಲೇಟ್ ಮಾಡಿ’ ಎನ್ನುವ ಪಿಜಿ ನನ್ನ ಪಾಲಿಗೆ ಮುಕ್ಕಾಲು ಪಾಸು. ಆ ಸಲ ಬೀಜ ಸಿಗದಿದ್ದರೂ ಸರಿ.

ಇನ್ನುಳಿದ ಕಾಲು ಭಾಗ ಇದು. ನೆನೆದು ಉಬ್ಬಿದ ಬೀಜ ಕೊಳವೆಯೊಳಗೆ ಹಿಡಿಸುವುದಿಲ್ಲ. ಬೀಜ, ಫೋರ್ಸೆಪ್ಸ್, ಕೊಳವೆ ಮೂರನ್ನೂ ಒಟ್ಟಿಗೆ ಹೊರಗೆಳೆಯಬೇಕು. ಧ್ವನಿಪೆಟ್ಟಿಗೆಯ ಕೆಳಗಿನ ಇಕ್ಕಟ್ಟಿನಲ್ಲಿ ಅದು ಜಾರಿ ಅಲ್ಲೇ ಸಿಕ್ಕಿಕೊಂಡರೆ ಎರಡೂ ಶ್ವಾಸಕೋಶಕ್ಕೆ ಗಾಳಿ ಬಂದ್. ಚಿಮುಟದಿಂದ ಥಟ್ಟನೆ ಹಿಡಿಯಲು ಆಗದಿದ್ದರೆ ಮಾಡಬೇಕಾದ್ದು ಒಂದೇ. ಅದನ್ನು ಮತ್ತೆ ಕೆಳಗೆ, ಮೊದಲಿದ್ದ ಕವಲಿಗೆ ತಳ್ಳಬೇಕು. ಇನ್ನೊಂದು ಕಡೆಯಿಂದ ಮಗು ಉಸಿರಾಡುತ್ತದೆ, ನಿಮಗೆ ಮತ್ತೊಂದು ಅವಕಾಶ ಸಿಗುತ್ತದೆ. ಕಷ್ಟಪಟ್ಟು ಮೇಲೆ ತಂದದ್ದನ್ನು ತಾನಾಗೇ ಒಳಗೆ ತಳ್ಳಲು ಕೈ ಬರುವುದಿಲ್ಲ. ವೈವಾದಲ್ಲಿ ಎಲ್ಲರೂ ಈ ಉತ್ತರ ಸರಿಯಾಗಿ ಹೇಳುತ್ತಾರೆ. ಮಾಡಬಲ್ಲರಾ ಎಂದು ತಿಳಿಯಲು ನಿಜವಾದ ಕೇಸಿಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಕಾಯಲೂಬಾರದು.

ಅದಕ್ಕೇ ಮಟನ್ ಅಂಗಡಿ. ಕುರಿ, ಮೇಕೆಯ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳ ಅಗ್ಗವಾಗಿ ಸಿಗುತ್ತವೆ. ಹಿಂದಿನ ದಿನ ಹೇಳಿಟ್ಟರೆ ಕತ್ತರಿಸದೆ ಇಡಿಯಾಗಿ ಕೊಡುತ್ತಾರೆ. ಹಲಗೆಗೆ ಮೊಳೆ ಹೊಡೆದು ಕೂರಿಸಿ, ನೆನೆಸಿದ ಕಡಲೆಬೀಜವನ್ನು ಒಳಗೆ ಜಾರಿಸಿದರೆ ಅಭ್ಯಾಸಕ್ಕೆ ಸಾಕು. ಲಕ್ಷಾಂತರ ರೂಪಾಯಿಯ ಸಿಮ್ಯುಲೇಟರ್ ಬರಲಿ ಎಂದು ಕಾಯಬೇಕಿಲ್ಲ. ನಾವು ಫೋನಿನಲ್ಲಿ ಸ್ಯಾಚುರೇಶನ್ ಇಳಿಯುವ ಸದ್ದು ಹಾಕುತ್ತೇವೆ. ಬೀಜ ಮೇಲೆ ಬರುವಾಗ ಒಬ್ಬರು ಬೇಕೆಂದೇ ಆ ಶ್ವಾಸನಾಳವನ್ನು ಹೊರಗಿನಿಂದ ಅದುಮುತ್ತಾರೆ. ಆಗ ಪಿಜಿ ಏನು ಮಾಡುತ್ತಾನೆ ಎಂದು ನೋಡುತ್ತೇವೆ. ಟೆಲಿಸ್ಕೋಪಿನ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗುತ್ತದೆ.

ರೆಕಾರ್ಡಿಂಗಿಗೆ ಇನ್ನೊಂದು ಉಪಯೋಗವಿದೆ. ಅಂಕ ಕೊಡುವ ನಾವೂ ಮನುಷ್ಯರೇ. ಓಪಿಡಿಯಲ್ಲಿ ಚುರುಕಾಗಿ ಮಾತಾಡುವ ಹುಡುಗನಿಗೆ ಓಟಿಯಲ್ಲೂ ಒಂದಂಕ ಹೆಚ್ಚು ಬೀಳುತ್ತದೆ. ಮೂರು ವರ್ಷ ರಾತ್ರಿ-ಹಗಲು ದುಡಿದವಳಿಗೆ ‘ಇನ್ನೂ ಆಗಿಲ್ಲ’ ಎಂದು ಬರೆಯಲು ಮನಸ್ಸು ಬರುವುದಿಲ್ಲ. ಕೆಲವು ಸೀನಿಯರ್‌ಗಳು ಯಾರಿಗೂ 3 ದಾಟಿಸುವುದಿಲ್ಲ, ಕೆಲವರು ಎಲ್ಲರಿಗೂ 5. ಹೆಸರು ತೆಗೆದು, ಸ್ವರ ತೆಗೆದು, ಬರೀ ಒಳಗಿನ ಚಿತ್ರವನ್ನು ಬೇರೆ ಯೂನಿಟ್‌ನವರಿಗೆ ತೋರಿಸಿದರೆ ಅಂಕಗಳು ಸ್ವಲ್ಪ ನೆಲಕ್ಕೆ ಬರುತ್ತವೆ. ಆದರೆ ಆ ಚಿತ್ರದಲ್ಲಿ ಅರಿವಳಿಕೆಯವರ ಜೊತೆಗಿನ ಮಾತು ಕಾಣುವುದಿಲ್ಲ. ಅದಕ್ಕೆ ಅವರನ್ನೂ, ಸ್ಕ್ರಬ್ ಸಿಸ್ಟರ್‌ನನ್ನೂ ಪ್ರತ್ಯೇಕವಾಗಿ ಕೇಳಬೇಕು. ಪ್ರಶ್ನೆ ಒಂದೇ ಸಾಕು: ‘ನಿಮ್ಮ ಮನೆ ಮಗುವಾಗಿದ್ದರೆ ಇವರ ಕೈಗೆ ಕೊಡ್ತಿದ್ರಾ?’ ಸಿಸ್ಟರ್ ಒಂದು ಕ್ಷಣ ತಡೆದರೆ, ನಮ್ಮ ಫಾರಂನಲ್ಲಿ ಎಷ್ಟೇ ಅಂಕ ಇದ್ದರೂ ನಾನು ಮತ್ತೊಮ್ಮೆ ಯೋಚಿಸುತ್ತೇನೆ.

ಟ್ರೆಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ದಾರಿ ಮಾಡಿ ಟ್ಯೂಬ್ ಕೂರಿಸುವುದರ ಬಗ್ಗೆ ಚಿಕ್ಕದಾಗಿ. ಮಕ್ಕಳಲ್ಲಿ ಶ್ವಾಸನಾಳದ ಚೂರು ಕತ್ತರಿಸಿ ತೆಗೆಯುವಂತಿಲ್ಲ. ಮಧ್ಯದಲ್ಲಿ ಉದ್ದುದ್ದ ಸೀಳಿ, ಎರಡೂ ಬದಿಗೆ ಹೊಲಿಗೆ ದಾರ ಬಿಟ್ಟು, ಎಡ-ಬಲ ಎಂದು ಬರೆದು ಎದೆಗೆ ಅಂಟಿಸಬೇಕು. ಆಪರೇಷನ್ ಮಾಡುವಾಗ ಎಲ್ಲರೂ ಅಂಕ ಕೊಡುತ್ತಾರೆ. ನಾನು ಮಾರನೆಯ ದಿನ ವಾರ್ಡಿನಲ್ಲಿ ನೋಡುತ್ತೇನೆ. ರಾತ್ರಿ ಟ್ಯೂಬ್ ಕಳಚಿದರೆ ಆ ದಾರ ಯಾಕಿದೆ, ಹೇಗೆ ಎಳೆಯಬೇಕು ಎಂದು ನೈಟ್ ಡ್ಯೂಟಿ ಸಿಸ್ಟರ್‌ಗೆ ಗೊತ್ತಾ? ಹಾಸಿಗೆ ಪಕ್ಕ ಒಂದು ಸೈಜ್ ಚಿಕ್ಕ ಟ್ಯೂಬ್ ಇದೆಯಾ? ಇಲ್ಲದಿದ್ದರೆ ಆಪರೇಷನ್ ಅರ್ಧವೇ ಆಗಿದೆ.

ನಮ್ಮ ವಿಭಾಗದ ಫಾರಂನಲ್ಲಿ ಕೊನೆಗೆ, ಮಗುವನ್ನು ಬೇರೆ ಆಸ್ಪತ್ರೆಗೆ ಕಳಿಸುವ ಬಗ್ಗೆ ಒಂದು ಸಾಲು ಸೇರಿಸಿದ್ದೇವೆ. ಚರ್ಚೆ ಆಯಿತು. ಇದೇನು ಕೌಶಲವಾ ಎಂದು ಕೆಲವರು ಕೇಳಿದರು. ಕೋರ್ಸ್ ಮುಗಿಸುವ ಹೆಚ್ಚಿನವರು ಈ ಕೆಲಸದಲ್ಲಿ 4ಕ್ಕೆ ಬಂದು ನಿಲ್ಲುತ್ತಾರೆ, 5 ಮುಟ್ಟುವವರು ಕಡಿಮೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಮಕ್ಕಳ ಬ್ರಾಂಕೋಸ್ಕೋಪ್ ಇಲ್ಲದ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರಿಲ್ಲದ ಊರಿನಲ್ಲಿ ಅವರು ಒಬ್ಬರೇ ಇರುತ್ತಾರೆ. ಮಗು ಉಸಿರಾಡುತ್ತಿದೆ, ಬೀಜ ಒಂದು ಕಡೆ ಕೂತಿದೆ, ಇನ್ನೊಂದು ಕಡೆಗೆ ಗಾಳಿ ಹೋಗುತ್ತಿದೆ. ಹೊತ್ತಿದೆ. ಆಗ ಇಲ್ಲೇ ಕೈ ಹಾಕುತ್ತೀರಾ, ಕಳಿಸುತ್ತೀರಾ? ಕಳಿಸುವುದಾದರೆ ಹೇಗೆ? ಆ ಸಾಲು ಕೇಳುವುದು ಇದನ್ನೇ. ಮಗುವನ್ನು ಮಲಗಿಸದೆ ತಾಯಿಯ ತೊಡೆಯ ಮೇಲೇ ಕೂರಿಸಿದರಾ, ಬಾಯಿಗೆ ಏನೂ ಕೊಡಬೇಡಿ ಎಂದರಾ, ಗಂಟಲಿಗೆ ಬೆರಳು ಹಾಕುವುದನ್ನು ತಡೆದರಾ, ಆಕ್ಸಿಜನ್ ಜೊತೆಗೆ ಟ್ಯೂಬ್ ಹಾಕಲು ಬರುವ ಡಾಕ್ಟರ್ ಒಬ್ಬರನ್ನು ಆಂಬುಲೆನ್ಸ್ ಹತ್ತಿಸಿದರಾ, ಆ ಕಡೆಯ ಓಟಿಗೆ ಫೋನ್ ಮಾಡಿ ಮಗುವಿನ ವಯಸ್ಸು, ತೂಕ, ಬೀಜ ಯಾವ ಬದಿಗಿದೆ, ಕೊನೆಯ ಸಲ ಹಾಲು ಕುಡಿದದ್ದು ಎಷ್ಟು ಗಂಟೆಗೆ ಎಂದು ಹೇಳಿದರಾ. ಇದಕ್ಕೂ ಅದೇ 1ರಿಂದ 5.