ಮಳೆನಾಡಿನ ರಿವಾಲ್ವರಿಗೆ ಮರದ ಹಿಡಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ನನ್ನ ಹಳೆಯ ಪರಿಚಿತರು, ಪರವಾನಗಿ ಇರುವ ತಮ್ಮ ರಿವಾಲ್ವರಿಗೆ ಮರದ ಹೊಸ ಹಿಡಿ ಹಾಕಿಸಿದ್ದರು. ಅದರ ಮೈಮೇಲೆ ಗುಡ್ಡದ ಸಾಲಿನಂತೆ ಏರಿಳಿದ ಗೆರೆಗಳಿದ್ದು, ನೋಡಿದವರೆಲ್ಲ ಮೆಚ್ಚುತ್ತಿದ್ದರು. ಆಷಾಢ ಬರುವಷ್ಟರಲ್ಲಿ ಹಿಡಿಯ ಅಂಚು ಉಕ್ಕಿನ ಚೌಕಟ್ಟಿಗಿಂತ ಹೊರಚಾಚಿ ಅಂಗೈಗೆ ತಾಗತೊಡಗಿತು. ಮರುವರ್ಷದ ಮಾರ್ಚಿನಲ್ಲಿ ತಿರುಪಿನ ತೂತಿನಿಂದ ಕೂದಲೆಳೆಯಷ್ಟು ಸಪೂರವಾದ ಬಿರುಕು ಕಾಣಿಸಿಕೊಂಡಿತು. ಮರ ಕೆಟ್ಟದ್ದೆಂದು ಅವರು ಭಾವಿಸಿದ್ದರು, ಆದರೆ ಮರ ಒಳ್ಳೆಯ ತೇಗವೇ ಆಗಿತ್ತು. ತಪ್ಪು ಇದ್ದದ್ದು ಅದನ್ನು ಸೀಳಿದ ದಿಕ್ಕಿನಲ್ಲಿ, ಮತ್ತು ಎಲ್ಲರೂ ಮೆಚ್ಚಿದ ಆ ಗೆರೆಗಳೇ ಆ ತಪ್ಪಿನ ಗುರುತಾಗಿದ್ದವು.

ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 50ರ ಆಸುಪಾಸಿನಲ್ಲಿದ್ದರೆ ಒಣಮರದಲ್ಲಿ ಅದರ ತೂಕದ ಸುಮಾರು ಶೇ 9ರಷ್ಟು ನೀರು ನಿಲ್ಲುತ್ತದೆ; ಆರ್ದ್ರತೆ ಶೇ 90ಕ್ಕೆ ಏರಿ ವಾರಗಟ್ಟಲೆ ಹಾಗೆಯೇ ಉಳಿದರೆ ನೀರಿನ ಪಾಲು ಶೇ 20ರ ಹತ್ತಿರ ಹೋಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಿನ ಮನೆಗಳಲ್ಲಿ ಬೇಸಿಗೆಯಲ್ಲಿ ಸರಾಗವಾಗಿ ಮುಚ್ಚುವ ಬಾಗಿಲು ಶ್ರಾವಣದಲ್ಲಿ ಬಿಗಿಯುವುದು ಇದೇ ಕಾರಣಕ್ಕೆ. ಈ ಹಿಗ್ಗುವಿಕೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಎಳೆಯ ಉದ್ದಕ್ಕೆ ಮರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ, ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ಅಳೆದರೆ ಸುಮಾರು ಶೇ 2.5ರಷ್ಟು, ವಾರ್ಷಿಕ ಉಂಗುರಗಳ ಸುತ್ತಿನ ಗುಂಟ ಅಳೆದರೆ ಶೇ 5ರಿಂದ 6ರಷ್ಟು ಕುಗ್ಗುತ್ತದೆ.

ಈ ಲೆಕ್ಕವನ್ನು 40 ಮಿಲಿಮೀಟರ್ ಅಗಲದ ಹಿಡಿಗೆ ಹಾಕಿ ನೋಡೋಣ. ಉಂಗುರಗಳು ಹಿಡಿಯ ಮೈಗೆ ಸಮಾನಾಂತರವಾಗಿ ಮಲಗುವಂತೆ ಸೀಳಿದ್ದರೆ, ಬೇಸಿಗೆಗೂ ಮಳೆಗಾಲಕ್ಕೂ ಅಗಲದಲ್ಲಿ ಸುಮಾರು 0.9 ಮಿಲಿಮೀಟರ್ ವ್ಯತ್ಯಾಸ ಬರಬಹುದು. ಉಂಗುರಗಳು ಮೈಗೆ ಲಂಬವಾಗಿ ನಿಲ್ಲುವಂತೆ ಸೀಳಿದರೆ ಅದೇ ಮರದಲ್ಲಿ ವ್ಯತ್ಯಾಸ 0.4 ಮಿಲಿಮೀಟರಿಗೆ ಇಳಿಯುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಆಗ ಹಿಡಿಯ ದಪ್ಪಕ್ಕೆ ಬರುತ್ತದೆ, ದಪ್ಪ ಕಡಿಮೆಯಿರುವುದರಿಂದ ತೊಂದರೆಯಾಗುವುದಿಲ್ಲ. ಗುಡ್ಡದ ಸಾಲಿನಂತಹ ಗೆರೆ ಮೂಡುವುದು ಮೊದಲ ಬಗೆಯ ಸೀಳಿನಲ್ಲಿ; ಎರಡನೆಯದರಲ್ಲಿ ಕಾಣುವುದು ಸಾದಾ ನೇರ ಗೆರೆಗಳು ಮಾತ್ರ. ಆದ್ದರಿಂದ ಹಿಡಿಯನ್ನು ಆರಿಸುವವರು ಅದರ ಮೈಗಿಂತ ಮೊದಲು ತಳವನ್ನು ತಿರುಗಿಸಿ, ಕಡಿದ ತುದಿಯಲ್ಲಿ ಉಂಗುರಗಳು ನಿಂತಿವೆಯೋ ಮಲಗಿವೆಯೋ ಎಂದು ನೋಡಬೇಕು. ಪರಿಚಿತರ ಹಿಡಿಯಲ್ಲಿ ಅವು ಮಲಗಿದ್ದವು. ತಿರುಪಿನ ಸುತ್ತ ಕೂರಿಸಿದ ಹಿತ್ತಾಳೆಯ ಬಳೆಗೆ ಮಳೆಗಾಲದಲ್ಲಿ ಉಬ್ಬಿದ ಮರ ಒತ್ತಿ ನಜ್ಜಾಗಿ, ಬೇಸಿಗೆಯಲ್ಲಿ ಕುಗ್ಗುವಾಗ ಆ ಬಳೆ ತಾನು ಕುಗ್ಗದೆ ಅಡ್ಡ ನಿಂತಾಗ, ಎಳೆಗಳು ಬೇರ್ಪಟ್ಟಿದ್ದವು.

ಯಾವ ಮರ ಎಂಬ ಪ್ರಶ್ನೆ ಇದರ ನಂತರದ್ದು. ಅಮೆರಿಕದ ತಯಾರಕರು ಮೊದಲಿನಿಂದಲೂ ಮೆಚ್ಚಿದ್ದು ವಾಲ್‌ನಟ್ ಮರವನ್ನು. ಅದು ಹಗುರ, ಗಟ್ಟಿ, ಕೆತ್ತನೆಗೆ ಒಗ್ಗುವಂಥದ್ದು. ನಮ್ಮ ಬೀಟೆ ಅದಕ್ಕಿಂತ ತೂಕದ ಮರ, ಅದರ ಒತ್ತಾದ ಎಳೆಗಳಲ್ಲಿ ಹಿಡಿತಕ್ಕಾಗಿ ಗೀರುವ ಸಣ್ಣ ಚೌಕುಳಿಗಳು ಮುಕ್ಕಾಗದೆ ನಿಲ್ಲುತ್ತವೆ. ದೊಡ್ಡ ರಂಧ್ರಗಳಿರುವ ತೇಗದಲ್ಲಿ ಅಷ್ಟು ಸಣ್ಣ ಕೆಲಸ ಉಳಿಯುವುದಿಲ್ಲ, ಅದರೊಳಗಿನ ಸಿಲಿಕಾ ಉಳಿಯ ಬಾಯನ್ನೂ ಬೇಗ ಮೊಂಡು ಮಾಡುತ್ತದೆ. ಬೀಟೆಯ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಉಜ್ಜುವಾಗ ಮೂಗು, ಬಾಯಿ ಮುಚ್ಚಿಕೊಳ್ಳಬೇಕು. ಮತ್ತಿಯಂತಹ ಒಗರು ಹೆಚ್ಚಿರುವ ಮರಗಳನ್ನು ನಾನು ಒಪ್ಪುವುದಿಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಕಪ್ಪು ಮಸಿ ಮಾಡುತ್ತಿದ್ದರಲ್ಲ, ಒಗರಿನ ಅಂಶವಾದ ಟ್ಯಾನಿನ್ನೂ ಅನ್ನಭೇದಿಯಲ್ಲಿರುವ ಕಬ್ಬಿಣವೂ ಕೂಡಿ ನಡೆಯುವ ಅದೇ ಕ್ರಿಯೆ ಬೆವರಿನ ತೇವದಲ್ಲಿ ಹಿಡಿಗೂ ಚೌಕಟ್ಟಿಗೂ ನಡುವೆ ನಡೆದು ಮರದಲ್ಲಿ ಕಪ್ಪು ಕಲೆ ಮೂಡಿಸುತ್ತದೆ. ಮರ ಯಾವುದೇ ಇರಲಿ, ಕೆಚ್ಚನ್ನೇ ಬಳಸಬೇಕು. ಹೊರಗಿನ ಬಿಳಿ ಭಾಗದ ಪಿಷ್ಟಕ್ಕೆ ಕುಟ್ಟೆಹುಳ ಬೀಳುತ್ತದೆ.

ಬೀಟೆಯನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ, 2017ರ ಜನವರಿಯಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ಮುರಿದ ಹಳೆಯ ಮಂಚದ ಕಾಲು ಅಟ್ಟದ ಮೇಲಿದ್ದರೆ ಅದಕ್ಕಿಂತ ಒಳ್ಳೆಯ ತುಂಡು ಬೇರೆ ಸಿಗಲಾರದು.

ಇನ್ನು ಕೈಯ ಮಾತು. 6.4 ಗ್ರಾಂ ತೂಕದ ಗುಂಡು ಸೆಕೆಂಡಿಗೆ 220 ಮೀಟರ್ ವೇಗದಲ್ಲಿ ಹೊರಟಿತೆಂದಿಟ್ಟುಕೊಂಡರೆ, ಸಿಡಿಮದ್ದಿನ ಅನಿಲದ ಪಾಲನ್ನು ಬಿಟ್ಟರೂ, 900 ಗ್ರಾಂ ರಿವಾಲ್ವರ್ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಕಾನ್ಪುರದ ಆಯುಧ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’‌ನಂತೆ ಸುಮಾರು 500 ಗ್ರಾಂ ತೂಗುವಂಥದ್ದಾದರೆ 2.8 ಮೀಟರ್ ವೇಗದಲ್ಲಿ. ನಳಿಕೆ ಅಂಗೈಗಿಂತ ಮೇಲಿರುವುದರಿಂದ ಈ ಒದೆತ ಮೂತಿಯನ್ನೂ ಮೇಲಕ್ಕೆತ್ತುತ್ತದೆ. ಹಿಡಿ ಅಗಲವಾದಷ್ಟೂ ಅದೇ ಬಲ ಹೆಚ್ಚು ಚರ್ಮಕ್ಕೆ ಹಂಚಿಹೋಗಿ ನೋವು ಕಡಿಮೆಯಾಗುತ್ತದೆ, ಆದರೆ ತೀರ ದಪ್ಪವಾದರೆ ತೋರುಬೆರಳಿನ ಮೊದಲ ಗಿಣ್ಣು ಕುದುರೆಯನ್ನು (ಟ್ರಿಗರ್) ನೇರವಾಗಿ ಮುಟ್ಟಲಾರದೆ ಗುರಿ ಪಕ್ಕಕ್ಕೆ ಸರಿಯುತ್ತದೆ. ಗುಂಡು ತುಂಬುವ ಉರುಳೆ ಎಡಕ್ಕೆ ತೆರೆದುಕೊಳ್ಳುವ ರಿವಾಲ್ವರುಗಳಲ್ಲಿ ಹಿಡಿಯ ಎರಡು ಹೋಳುಗಳಲ್ಲಿ ಎಡಗಡೆಯದರ ಮೇಲ್ತುದಿಯನ್ನು ಸ್ವಲ್ಪ ತಗ್ಗಾಗಿ ಕೆತ್ತಬೇಕು. ಇಲ್ಲವಾದರೆ ಖಾಲಿ ತೋಟಾಗಳು ಮರಕ್ಕೆ ತಗುಲಿ ಅಲ್ಲಿಯೇ ನಿಲ್ಲುತ್ತವೆ.

ಬಡಗಿಯ ಬಳಿಗೆ ಗುಂಡುಗಳನ್ನು ತೆಗೆದ ಆಯುಧವನ್ನೂ ಒಯ್ಯಬೇಕಾಗಿಲ್ಲ. ಬಿಚ್ಚಿದ ಹಳೆಯ ಹೋಳುಗಳು ಮತ್ತು ಚೌಕಟ್ಟಿನ ಆಕಾರದ ರಟ್ಟಿನ ಅಚ್ಚು ಸಾಕು. ಕೊನೆಯ ಹೊಂದಿಕೆಯನ್ನು ಮಾತ್ರ ಆಯುಧದ ಮೇಲೆ ಮಾಲೀಕರೇ ನೋಡಿಕೊಳ್ಳಬೇಕು. ಇದಕ್ಕೆ ಗಾಳಿ ತೀರ ಒಣಗದ, ತೀರ ತೇವವೂ ಇಲ್ಲದ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಮೆರುಗಿಗೆ ಅರಗಿನ ಪಾಲಿಶ್‌ಗಿಂತ ಅಗಸೆ ಎಣ್ಣೆಯೇ ಮೇಲು. ಅರಗು ತೇವಕ್ಕೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ರಂಧ್ರದೊಳಗೇ ಗಟ್ಟಿಯಾಗುತ್ತದೆ. ಒಳಮೈಗೂ ಕಡಿದ ತುದಿಗಳಿಗೂ ತಪ್ಪದೆ ಅದನ್ನು ಹಚ್ಚಬೇಕು, ಏಕೆಂದರೆ ನೀರು ಅತಿ ವೇಗವಾಗಿ ನುಗ್ಗುವುದು ತುದಿಗಳಿಂದಲೇ. ಎಣ್ಣೆ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ, ಅಷ್ಟೆ.

ಪರಿಚಿತರು ಕಳೆದ ಡಿಸೆಂಬರಿನಲ್ಲಿ ಅಜ್ಜನ ಕಾಲದ ಬೀಟೆಯ ಮಂಚದ ಕಾಲಿನಿಂದ ಹೊಸ ಹಿಡಿ ಮಾಡಿಸಿದರು. ಗೆರೆಗಳು ನೇರ, ಬಣ್ಣ ಕಪ್ಪುಗೆಂಪು. ಈ ಆಷಾಢದಲ್ಲಿ ಅವರ ಮನೆಗೆ ಹೋಗಿದ್ದಾಗ ಮರ ಉಕ್ಕನ್ನು ಸೇರುವ ಅಂಚಿನಲ್ಲಿ ಉಗುರು ಓಡಿಸಿ ನೋಡಿದೆ. ಹಿಂಬದಿಯ ಒಂದೇ ಕಡೆ, ಗಮನವಿಟ್ಟರೆ ಮಾತ್ರ ತಿಳಿಯುವಷ್ಟು, ಉಗುರು ತಡೆಯಿತು.