ಗುಂಪಲ್ಲಿ ಹಾಡಿದ್ರೆ ಮನಸ್ಸು ಯಾಕೆ ಹಗುರ ಆಗುತ್ತೆ?

ಎಕ್ಸಾಂ ಟೆನ್ಷನ್ನು, ಹಾಸ್ಟೆಲ್ಲಲ್ಲಿ ಒಂಟಿತನ, ನಿದ್ದೆ ಬರ್ದೇ ನಡುರಾತ್ರಿವರೆಗೂ ಮೊಬೈಲ್ ನೋಡ್ತಾ ಬಿದ್ಕೊಳ್ಳೋದು, ಇದಕ್ಕೆಲ್ಲ "ನಾಲ್ಕು ಜನರ ಜೊತೆ ಸೇರಿ ಹಾಡು" ಅಂದ್ರೆ ಯಾವ ಸ್ಟೂಡೆಂಟಿಗಾದ್ರೂ ನಗು ಬರುತ್ತೆ. ಆದ್ರೆ ಇದರ ಹಿಂದೆ ಸುಮಾರು ಗಟ್ಟಿ ವಿಜ್ಞಾನಾನೇ ಇದೆ.

ಮೊದಲು ಉಸಿರಿನ ವಿಷಯ. ಉಸಿರು ಎಳ್ಕೊಂಡಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತೆ, ಬಿಟ್ಟಾಗ ನಿಧಾನ ಆಗುತ್ತೆ, ಇದನ್ನ ನೋಡ್ಕೊಳ್ಳೋದು ಮಿದುಳಿನಿಂದ ಎದೆ, ಹೊಟ್ಟೆವರೆಗೂ ಇಳಿಯೋ ವೇಗಸ್ ನರ. ಹಾಡೋವಾಗ ನಾವು ಚಕ್ಕಂತ ಉಸಿರು ತಗೊಂಡು ಸಾಲು ಮುಗಿಯೋ ತನಕ ಮೆಲ್ಲಗೆ ಬಿಡ್ತೀವಲ್ಲ, ಅಂದ್ರೆ ಯಾರೂ ಹೇಳ್ಕೊಡದೇನೇ ಪ್ರಾಣಾಯಾಮದ ಥರದ್ದೇ ಒಂದು ಕೆಲಸ ನಡೀತಿರುತ್ತೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 18 ವರ್ಷದ ಹುಡುಗ ಹುಡುಗೀರನ್ನ ಒಟ್ಟಿಗೆ ಹಾಡಿಸಿ ಹೃದಯದ ಬಡಿತ ಅಳೆದ್ರು. ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತಗೊಳ್ಳೋ ಹಾಗೆ ಹಾಡಿದಾಗ ಬಡಿತಗಳೂ ಒಟ್ಟೊಟ್ಟಿಗೆ ಏರಿ ಇಳೀತಿದ್ವು!

ಇನ್ನೊಂದು ಎಂಡಾರ್ಫಿನ್, ದೇಹ ತಾನೇ ತಯಾರಿಸ್ಕೊಳ್ಳೋ ನೋವಿನ ಮಾತ್ರೆ ಅನ್ನಬಹುದು. ಇದನ್ನ ಮಿದುಳಲ್ಲಿ ನೇರವಾಗಿ ಅಳೆಯೋದು ಕಷ್ಟ, ಅದಕ್ಕೇ ಸಂಶೋಧಕರು ಬಿಪಿ ನೋಡೋ ಪಟ್ಟಿನ ತೋಳಿಗೆ ಕಟ್ಟಿ, ಗಾಳಿ ತುಂಬ್ತಾ ಹೋಗಿ, ಸಾಕಪ್ಪಾ ಅನ್ನೋದು ಯಾವಾಗ ಅಂತ ನೋಡ್ತಾರೆ, ಜಾಸ್ತಿ ತಡ್ಕೊಂಡ್ರೆ ಎಂಡಾರ್ಫಿನ್ ಜಾಸ್ತಿ ಇದೆ ಅಂತ ಅಂದಾಜು. ಲಂಡನ್ನಿನ ಒಂದು ಕ್ವಾಯರ್, ಅಂದ್ರೆ ಒಟ್ಟಿಗೆ ಹಾಡೋ ತಂಡದಲ್ಲಿ ಹೀಗೆ ಮಾಡಿದ್ರೆ, ಹಾಡಿದ ಮೇಲೆ ಜನ ಮುಂಚೆಗಿಂತ ಜಾಸ್ತಿ ತಡ್ಕೋತಿದ್ರು, 232 ಜನ ಸೇರಿದ್ದ ದೊಡ್ಡ ಗುಂಪಲ್ಲೂ ಅಷ್ಟೇ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ಸೋದು 2015ರ ಒಂದು ಅಧ್ಯಯನ. ಹಾಡು, ಕರಕುಶಲ, ಬರವಣಿಗೆ ಕ್ಲಾಸುಗಳಿಗೆ ಹೊಸದಾಗಿ ಸೇರಿದವರನ್ನ 7 ತಿಂಗಳು ಗಮನಿಸಿದ್ರು. ಕೊನೆಗೆ ಎಲ್ಲಾ ಗುಂಪಲ್ಲೂ ಆತ್ಮೀಯತೆ ಹೆಚ್ಚುಕಮ್ಮಿ ಒಂದೇ ಥರ ಬೆಳೆದಿತ್ತು, ಆದ್ರೆ ಹಾಡೋರು ಮಾತ್ರ ಶುರುವಲ್ಲೇ ಬೇಗ ಹತ್ರ ಆಗ್ಬಿಟ್ಟಿದ್ರು. ಕಾಲೇಜಿಗೆ ಹೊಸದಾಗಿ ಬಂದು, ಒಬ್ಬರ ಹೆಸರೂ ಗೊತ್ತಿಲ್ದೇ ಕೂತಿರೋರಿಗೆ ಬೇಕಿರೋದು ಇದೇ ತಾನೇ, ಮಾತಾಡೋಕೆ ವಿಷಯ ಹುಡುಕೋ ಕಷ್ಟಾನೂ ಇಲ್ಲ.

ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರೆ ಆಗಲ್ವಾ ಅಂತೀರಾ? ಕೇಳೋದ್ರಿಂದ್ಲೂ ಉಪಯೋಗ ಇದೆ, ಆದ್ರೆ ಅಲ್ಲಿ ಈ ಉಸಿರಿನ ಕೆಲಸಾನೂ ಇಲ್ಲ, ಪಕ್ಕದಲ್ಲಿ ಜನಾನೂ ಇಲ್ಲ.

ಹಾಗಂತ ಇದು ಡಿಪ್ರೆಶನ್ನಿಗೆ ಮದ್ದಲ್ಲ. ವಾರಗಟ್ಟಲೆ ಮನಸ್ಸು ಕುಸಿದಿದ್ರೆ, ಸಾಯೋ ಯೋಚನೆ ಬರ್ತಿದ್ರೆ ಕೌನ್ಸೆಲರನ್ನೋ ಡಾಕ್ಟರನ್ನೋ ನೋಡ್ಲೇಬೇಕು, ಹಾಡೋದು ಏನಿದ್ರೂ ಅದರ ಜೊತೆಗೆ. ಮತ್ತೆ ಕಾಲೇಜುಗಳಲ್ಲಿ ಹಾಡು ಅಂದ ತಕ್ಷಣ ಆಡಿಷನ್, ಕಾಂಪಿಟಿಷನ್, ಜಡ್ಜು, ಮಾರ್ಕ್ಸು! ಶ್ರುತಿ ಸೇರದವರನ್ನ ಮೊದಲ ದಿನಾನೇ ಹೊರಗೆ ಕಳಿಸೋದಾದ್ರೆ, ಒಂಟಿಯಾಗಿರೋ ಹುಡುಗ ಒಳಗೆ ಬರೋದಾದ್ರೂ ಹೆಂಗೆ?