ಸ್ಟೇಜ್ ಮೇಲೆ ಸರಿ, ಯೂಟ್ಯೂಬಲ್ಲಿ ಯಾಕೆ ತಪ್ಪು?

ತುಮಕೂರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಅಕ್ಕನ ಮಗಳು ಸಿನಿಮಾ ಹಾಡಿಗೆ ಕುಣಿದಳು. ಶಾಲೆಯವರು ವಿಡಿಯೊ ಯೂಟ್ಯೂಬಿಗೆ ಹಾಕಿದರು. ಮಾರನೇ ದಿನ ನೋಡಿದರೆ ಸೌಂಡೇ ಇಲ್ಲ, ಮಕ್ಕಳು ಸುಮ್ನೆ ಕೈಕಾಲು ಆಡಿಸುತ್ತಿದ್ದಾರೆ. 'ಸ್ಟೇಜ್ ಮೇಲೆ ಯಾರೂ ಏನೂ ಅನ್ನಲಿಲ್ಲ, ಈಗ್ಯಾಕೆ ಮಾವ?' ಅಂದಳು.

ಉತ್ತರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿದೆ. ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು, ಮೇಷ್ಟ್ರು, ಅಪ್ಪ ಅಮ್ಮ, ಶಾಲೆಗೆ ಸಂಬಂಧಪಟ್ಟವರು ಇಷ್ಟೇ ಜನ ಕೂತಿದ್ದರೆ ಹಾಡು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಯೂಟ್ಯೂಬಲ್ಲಿ ಊರೆಲ್ಲ ನೋಡುತ್ತೆ, ಅಲ್ಲಿಗೆ ಈ ವಿನಾಯಿತಿ ಬರಲ್ಲ. '30 ಸೆಕೆಂಡ್ ಆದರೆ ಪರವಾಗಿಲ್ಲ' ಅನ್ನೋದು ಬರೀ ಪುಕಾರು, ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ.

ತಮಾಷೆ ಅಂದ್ರೆ, 1914ರಲ್ಲಿ ನಮಗೆ ಬಂದ ಕಾಪಿರೈಟ್ ಕಾಯ್ದೆಯೇ ಬ್ರಿಟನ್ನಿನ 1911ರ ಕಾಯ್ದೆಯ ಕಾಪಿ, ಅಲ್ಲಿ ಇಲ್ಲಿ ತಿದ್ದಿದ್ದು ಅಷ್ಟೇ. ನಮ್ಮದೇ ಕಾಯ್ದೆ ಆದದ್ದು 1957ರಲ್ಲಿ. ಆಗ ಲೇಖಕರು ತೀರಿಕೊಂಡ ಮೇಲೆ 50 ವರ್ಷ ಹಕ್ಕು ಉಳಿಯುತ್ತಿತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಹಕ್ಕು 1991ಕ್ಕೆ ಮುಗಿಯುತ್ತೆ ಅನ್ನುವಾಗ ಸರ್ಕಾರ ಎಲ್ಲರಿಗೂ ಅದನ್ನು 60 ವರ್ಷ ಮಾಡಿತು. ನಮ್ಮ ಕಡೆಯವರನ್ನೇ ತಗೊಳ್ಳಿ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಹೋಗಿದ್ದು 1946ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳು 2007ರಿಂದ ಎಲ್ಲರ ಸ್ವತ್ತು. ಮುಳಬಾಗಿಲಿನ ಡಿ.ವಿ.ಜಿ. ಹೋಗಿದ್ದು 1975ರಲ್ಲಿ, ಅವರ ಪದ್ಯಗಳಿಗೆ 2035ರ ಕೊನೆವರೆಗೂ ಕಾಪಿರೈಟ್ ಇದೆ. ಬೆಳಗಾದರೆ ವಾಟ್ಸಾಪಲ್ಲಿ ಬರುವ ಪದ್ಯಗಳಿಗೆ ಹೆಸರು ಹಾಕುವ ಸೌಜನ್ಯವೂ ಜಾಸ್ತಿ ಜನಕ್ಕಿಲ್ಲ, ಅದು ಬೇರೆ ಮಾತು.

ಪಾಠದ ವಿಷಯಕ್ಕೆ ಬಂದರೆ ಕಾಯ್ದೆ ಸಾಕಷ್ಟು ಉದಾರಿ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಸೇರಿ ಮೂರು ದೊಡ್ಡ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿ ಮೇಲೆ ಕೇಸು ಹಾಕಿದರು. ಪುಸ್ತಕಗಳಿಂದ ಬೇಕಾದ ಅಧ್ಯಾಯಗಳನ್ನು ಸೇರಿಸಿ ಬೈಂಡ್ ಮಾಡಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದಾರೆ ಅನ್ನೋದು ದೂರು. ನಮ್ಮ ಕಾಲೇಜುಗಳ ಎದುರಿನ ಅಂಗಡಿಗಳಲ್ಲೂ ಅದೇ ಕೆಲಸ ನಡೆಯುತ್ತೆ ಅಲ್ವಾ! 2016ರಲ್ಲಿ ದೆಹಲಿ ಹೈಕೋರ್ಟ್, ಕಾಪಿರೈಟ್ ದೈವದತ್ತ ಹಕ್ಕೇನಲ್ಲ, ಪಾಠಕ್ಕೆ ಬೇಕಾದಷ್ಟು ಕಾಪಿ ಮಾಡಬಹುದು ಅಂದಿತು. ಅಪೀಲಾಯಿತು, ಮುಂದಿನ ವರ್ಷ ಪ್ರಕಾಶಕರೇ ಕೇಸು ವಾಪಸ್ ತಗೊಂಡರು.

ಇದನ್ನೆಲ್ಲ ಹೇಳಿ, 'ನೀನು ಬಿಡಿಸಿದ ಚಿತ್ರಕ್ಕೂ ಕಾಪಿರೈಟ್ ನಿಂದೇ, ರಿಜಿಸ್ಟರ್ ಏನೂ ಮಾಡಿಸಬೇಕಿಲ್ಲ' ಅಂದೆ. ಅವಳು ಎದ್ದು ಹೋಗಿ ಗೋಡೆ ಮೇಲಿದ್ದ ಶಾಲೆಯ ಕ್ಯಾಲೆಂಡರ್ ಕಿತ್ತು ತಂದಳು. ಮಾರ್ಚ್ ಪುಟದಲ್ಲಿ ಅವಳು ಬಿಡಿಸಿದ ನವಿಲು. ಕೆಳಗೆ ಶಾಲೆಯ ಹೆಸರು ಮಾತ್ರ ಇತ್ತು.